ಅಣ್ಣನ ಬೂಟಿನ ಮರಳು

ಮೇಷ್ಟ್ರು ಗುಂಡಿಯ ತಳಕ್ಕೆ ಕಾಲೂರಿ, ಕೊರಳಲ್ಲಿ ತೂಗುತ್ತಿದ್ದ ಕನ್ನಡಕವನ್ನು ಮೂಗಿಗೇರಿಸುವಷ್ಟರಲ್ಲಿ ನಾನು ಏಣಿಯನ್ನು ಮೇಲೆಳೆದುಕೊಂಡೆ.

ಅವರು ತಲೆಯೆತ್ತಿದರು. ಗುಂಡಿ ಎಂಟಡಿ ಆಳ. ಅವರು ಐದೂವರೆ ಅಡಿ, ಅದೂ ಬೆನ್ನು ನೆಟ್ಟಗಿದ್ದ ಕಾಲದಲ್ಲಿ.

"ಏಣಿ ಯಾಕಮ್ಮ ತೆಗ್ದೆ?"

"ಅದರ ಕೆಲಸ ಮುಗೀತು."

"ಸರಿ, ಬರ್ಕೋ ಹಾಗಾದ್ರೆ. ಮೇಲಿನ ಎಂಟು ಇಂಚು ಕಪ್ಪು ಕಂದು, ಬೇರು ಜಾಸ್ತಿ. ಅದರ ಕೆಳಗೆ..."

ನನಗೆ ನಗು ಬಂತು. ಆ ನಗುವಿನ ಮೇಲೇ ಸಿಟ್ಟೂ ಬಂತು. ಮಣ್ಣಿನ ಮುಂದೆ ನಿಲ್ಲಿಸಿದರೆ ಈ ಮನುಷ್ಯನಿಗೆ ಪ್ರಪಂಚವೇ ಬೇಡ.

"ಮೇಷ್ಟ್ರೇ, ಏಣಿ ಇನ್ನು ಕೆಳಗೆ ಬರಲ್ಲ."

ಗೋಡೆ ಕೆರೆಯುತ್ತಿದ್ದ ಅವರ ಚಾಕು ಆಗ ನಿಂತಿತು.

ಹನ್ನೊಂದು ತಿಂಗಳ ಹಿಂದೆ ನನ್ನ ಅಣ್ಣ ಇಂಥದೇ ಒಂದು ಗುಂಡಿಯಲ್ಲಿ ಮರಳು ಕುಸಿದು ಸತ್ತ. ಆ ನೆಲ ಗಟ್ಟಿ ಎಂದು ವರದಿಗೆ ಸಹಿ ಹಾಕಿದವರು ಈ ಮೇಷ್ಟ್ರು.

ಅಣ್ಣ, ನಾನು ಇಬ್ಬರೂ ಇವರ ಕೈಕೆಳಗೇ ಕೆಲಸ ಕಲಿತವರು. ಹೊಲ, ಗುಡ್ಡ, ಬಯಲು ಸುತ್ತಿ, ಗುಂಡಿ ತೆಗೆಸಿ, ಪದರ ಪದರವಾಗಿ ಮಣ್ಣು ನೋಡಿ, ಅದು ಯಾವ ವರ್ಗದ್ದೆಂದು ಬರೆದಿಡುವುದು ನಮ್ಮ ಕೆಲಸ. ಒದ್ದೆ ಮಣ್ಣನ್ನು ಬೆರಳಲ್ಲಿ ಹೊಸೆಯುವುದು, ಚಿಟಿಕೆ ಬಾಯಿಗೆ ಹಾಕಿ ಹಲ್ಲಿನಲ್ಲಿ ಕರಕರ ನೋಡುವುದು ಎಲ್ಲ ಇವರೇ ಹೇಳಿಕೊಟ್ಟದ್ದು. ನನಗೆ 'ಜರಡಿ' ಎಂದು ಹೆಸರಿಟ್ಟವರೂ ಇವರೇ. ನನ್ನ ಕಣ್ಣು ತಪ್ಪಿಸಿ ಒಂದು ಕಲ್ಲೂ ಕೆಳಗಿಳಿಯುವುದಿಲ್ಲವಂತೆ.

ಇವರನ್ನು ಇಲ್ಲಿಗೆ ಕರೆತರುವುದು ಕಷ್ಟವಾಗಲಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದರು. 'ಎಂಟಡಿವರೆಗೂ ಬರೀ ಮರಳು ಸಿಕ್ಕಿದೆ ಮೇಷ್ಟ್ರೇ, ಒಂದು ಕಲ್ಲಿಲ್ಲ, ವರ್ಗ ಹೇಳ್ಬೇಕು' ಎಂದೆ. ಕಾಫಿ ಲೋಟ ಅರ್ಧಕ್ಕೇ ಬಿಟ್ಟು ಬೂಟು ಹಾಕಿಕೊಂಡರು.

"ಎಷ್ಟು ಗಂಟೆಗೆ ಅಗೆಸಿದ್ದು?" ಎಂದು ಈಗ ಕೇಳಿದರು. ಪ್ರಶ್ನೆ ಸರಿಯಾದದ್ದೇ.

"ಬೆಳಿಗ್ಗೆ ಒಂಬತ್ತಕ್ಕೆ ಮುಗೀತು. ಈಗ ಹನ್ನೆರಡೂವರೆ."

ಅವರು ಗುಂಡಿಯ ಅಂಚು ನೋಡಿದರು. ಮೇಲಿನ ಒಂದಡಿ ಆಗಲೇ ಬಿಳಿಚಿಕೊಂಡಿತ್ತು. ಅಲ್ಲಿಂದ ಚೂರು ಚೂರೇ ಮರಳು ಜಾರಿ, ಸದ್ದಿಲ್ಲದೆ ಅವರ ಬೂಟಿನ ಸುತ್ತ ಬೀಳುತ್ತಿತ್ತು.

ಮರಳಿಗೆ ಅಂಟಿಲ್ಲ. ಕಣಕ್ಕೂ ಕಣಕ್ಕೂ ನಡುವೆ ಇರುವ ಚೂರು ತೇವವೇ ಗೋಡೆಯನ್ನು ಹಿಡಿದಿರುತ್ತದೆ. ಬಿಸಿಲು ಆ ತೇವ ಹೀರಿದ ಮೇಲೆ ಗೋಡೆ ಗೋಡೆಯಾಗಿ ಉಳಿಯುವುದಿಲ್ಲ. ಇದನ್ನು ಹೇಳಿಕೊಟ್ಟವರಿಗೆ ನಾನು ಮತ್ತೆ ಹೇಳಬೇಕಾಗಿರಲಿಲ್ಲ.

"ಇನ್ನೊಂದು ಅರ್ಧ ಗಂಟೆ," ಎಂದರು ಅವರೇ.

"ನನ್ನ ಲೆಕ್ಕನೂ ಅಷ್ಟೇ."

ನಾನು ತಿರುಗಿ ನೋಡಿದೆ. ನೂರು ಹೆಜ್ಜೆ ಆಚೆ, ರಸ್ತೆ ಬದಿಯ ಮರದ ಕೆಳಗೆ ಮಾಮನ ಗಾಡಿ ನಿಂತಿತ್ತು. ಮಾಮ ಅದರ ಬಾನೆಟ್ಟಿಗೆ ಒರಗಿ ನಮ್ಮ ಕಡೆಯೇ ನೋಡುತ್ತಿದ್ದ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವನು ಅಮ್ಮನ ಈ ತಮ್ಮ. ಅಗೆತದ ಕೆಲಸ ಹಿಡಿಯುವುದೇ ಅವನ ದುಡಿಮೆ. ನಮ್ಮ ಕಚೇರಿಯ ಗುಂಡಿಗಳನ್ನೆಲ್ಲ ಇಪ್ಪತ್ತು ವರ್ಷದಿಂದ ಅವನೇ ತೆಗೆಯುತ್ತ ಬಂದಿದ್ದಾನೆ. ಈ ಗುಂಡಿಯನ್ನೂ ತನ್ನ ಗೇಣಿ ಜಾಗದಲ್ಲಿ ಅವನೇ ತೋಡಿದ್ದು, ಅದೂ ಒಬ್ಬನೇ, ಒಂದೇ ಬೆಳಿಗ್ಗೆಯಲ್ಲಿ.

ಯಾಕೆಂದು ಅವನಿಗೆ ಗೊತ್ತಿತ್ತು. ಅಣ್ಣನನ್ನು ಮಣ್ಣು ಮಾಡಿ ಬಂದ ದಿನವೇ ನನ್ನ ತಲೆ ಸವರಿ ಹೇಳಿದ್ದ: 'ಆ ಮೇಷ್ಟ್ರನ್ನ ಮಾತ್ರ ಬಿಡ್ಬೇಡ ಪುಟ್ಟಿ.' ಆಮೇಲೂ ಹೇಳುತ್ತಲೇ ಇದ್ದ. ಸಿಟ್ಟು ತಣ್ಣಗಾಯಿತೇನೋ ಅನಿಸಿದಾಗಲೆಲ್ಲ ಮಾಮ ಬಂದು ಒಂದು ಕಡ್ಡಿ ಗೀರಿ ಹೋಗುತ್ತಿದ್ದ.

"ಹೇಳಿ ಮೇಷ್ಟ್ರೇ," ಎಂದೆ. "ನಾಲ್ಕಡಿ ಕೆಳಗೆ ಜೇಡಿಮಣ್ಣು ಅಂತ ಯಾಕೆ ಬರೆದ್ರಿ?"

ಆ ಒಂದು ಸಾಲಿನ ಮೇಲೆ ಎಲ್ಲ ನಿಂತಿತ್ತು. ಚರ್ಮ ಹದ ಮಾಡುವ ಕಾರ್ಖಾನೆಯೊಂದಕ್ಕೆ ಕೊಳಚೆ ನೀರು ನಿಲ್ಲಿಸಲು ದೊಡ್ಡ ಹೊಂಡ ಬೇಕಿತ್ತು. ಕೆಳಗೆ ಜೇಡಿಮಣ್ಣಿದ್ದರೆ ನೀರು ನಿಲ್ಲುತ್ತದೆ, ಹೊಂಡಕ್ಕೆ ಒಪ್ಪಿಗೆ. ತಳದವರೆಗೂ ಮರಳಾದರೆ ಕೊಳಚೆಯೆಲ್ಲ ನೆಟ್ಟಗೆ ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆ, ಒಪ್ಪಿಗೆ ಇಲ್ಲ. ಮೇಷ್ಟ್ರು ಜೇಡಿ ಎಂದು ಬರೆದರು. ಅದು ಎಂಟಡಿ ಆಳದ ಶುದ್ಧ ಮರಳಾಗಿತ್ತು. ಆ ಮರಳು ನನ್ನ ಅಣ್ಣನನ್ನು ನುಂಗಿತು. ಆಮೇಲೂ ವರದಿಯನ್ನು ಯಾರೂ ತಿದ್ದಲಿಲ್ಲ. ಹೊಂಡ ಈಗ ನಾರುತ್ತಿದೆ, ಸುತ್ತಲಿನ ಬಾವಿಗಳೂ.

"ಯಾರು ಬರೆಸಿದ್ರು? ಕಾರ್ಖಾನೆಯವ್ರಾ?"

"ಯಾರೂ ಬರೆಸ್ಲಿಲ್ಲ ಕಣಮ್ಮ. ನಾನೇ ತಪ್ಪು ಮಾಡ್ದೆ."

"ಮೂವತ್ತೈದು ವರ್ಷ ಮಣ್ಣು ನೋಡಿದವ್ರು!"

"ಅದಕ್ಕೇ ಮಾಡ್ದೆ. ಹೊಸಬರಾಗಿದ್ರೆ ಪೂರ್ತಿ ಕೊರೆದು ನೋಡ್ತಿದ್ರು."

ಅವರು ಚಾಕುವನ್ನು ಜೇಬಿಗಿಟ್ಟರು. ಅಪರಾಧಿಗಳು ಮಾತಾಡುವುದನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ಕೇಳಿಸಿಕೊಂಡಿದ್ದೆ. ಹೀಗೆ ಪಾಠ ಮಾಡುವ ದನಿಯಲ್ಲಿ ಅಲ್ಲ.

"ಅಲ್ಲಿ ಬಿಳಿ ಮರಳು. ಮಣ್ಣು ಕೊರೆಯೋ ಆಗರ್ ತಿರುಗಿಸ್ತಾ ಹೋದೆ. ನಾಲ್ಕಡಿಗೆ ಬಿಗಿಯಾಯ್ತು. ಎತ್ತಿ ನೋಡಿದ್ರೆ ತುದಿ ತುಂಬ ಅಂಟು ಜೇಡಿ. ಆಹಾ, ಸಿಕ್ತು ಅಂದ್ಕೊಂಡು ಅಲ್ಲೇ ನಿಲ್ಲಿಸಿ ಬರೆದುಬಿಟ್ಟೆ. ಆಳದ ಮರಳಲ್ಲಿ ಒಂದೊಂದ್ಸಲ ಬೆರಳು ದಪ್ಪದ ಜೇಡಿ ಪಟ್ಟಿ ಇರುತ್ತೆ, ಅದರ ಕೆಳಗೆ ಮತ್ತೆ ಮರಳೇ. ನಿಮಗೆಲ್ಲ ಬೆತ್ತ ಹಿಡಿದು ಹೇಳ್ತಿದ್ದೆ, ಪಟ್ಟಿ ಸಿಕ್ಕಿದ್ರೆ ಮೋಸ ಹೋಗ್ಬೇಡಿ, ಎಂಟಡಿ ಮುಟ್ಟಿ ಅಂತ. ಅವತ್ತು ಸೊಂಟ ನೋಯ್ತಿತ್ತು. ನಾನೇ ಮೋಸ ಹೋದೆ."

"ಸೊಂಟ ನೋವಿಗೆ ನನ್ನ ಅಣ್ಣ ಸತ್ನಾ?"

"ಸತ್ತ ಅಂತ್ಲೇ ನಾನೂ ಅಂದ್ಕೊಂಡು ಬದುಕಿದೀನಿ."

ಬದುಕಿದ್ದಾರಂತೆ! ಮಾತು 'ನೀವು'ನಿಂದ 'ನೀನು'ಗೆ ಇಳಿದದ್ದು ನನಗೇ ಗೊತ್ತಾಗಲಿಲ್ಲ.

"ನೀನು ಬದುಕಿದೀಯ. ಅವನು ಬಾಯಿ ತುಂಬ ಮರಳು ತುಂಬ್ಕೊಂಡು ಸತ್ತ. ತಗೋ, ನೀನೂ ರುಚಿ ನೋಡು!"

ಚೀಲದಿಂದ ಡಬ್ಬಿ ತೆಗೆದು ಅವರ ಕಾಲ ಬುಡಕ್ಕೆ ಎಸೆದೆ. ಹಳೆಯ ಬೂಟ್ ಪಾಲಿಶ್ ಡಬ್ಬಿ. ಪೊಲೀಸರು ಅಣ್ಣನ ಬೂಟುಗಳನ್ನು ವಾಪಸ್ ಕೊಟ್ಟಾಗ ಒಳಗೆ ಮರಳು ತುಂಬಿತ್ತು. ಅವನು ಲೇಸನ್ನು ಕಣಕಾಲಿಗೆ ಎರಡು ಸುತ್ತು ಬಿಗಿದು ಕಟ್ಟುತ್ತಿದ್ದ. ಆ ಗಂಟು ಬಿಚ್ಚುವಾಗಲೇ ನನ್ನ ಕೈ ಸೋತಿತ್ತು. ಕಣ್ಣು ಮುಚ್ಚಿಕೊಂಡೇ ಮರಳನ್ನು ಡಬ್ಬಿಗೆ ಸುರಿದು ಮುಚ್ಚಳ ಒತ್ತಿದ್ದೆ. ಅವತ್ತಿನಿಂದ ಅದನ್ನು ತೆರೆದಿರಲಿಲ್ಲ. ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದೆ. ಈ ದಿನಕ್ಕಾಗಿ ಕಾದಿಟ್ಟಿದ್ದೆ.

"ಬಾಯಿಗೆ ಹಾಕ್ಕೋ. ಹಲ್ಲಲ್ಲಿ ಕಡಿ. ಯಾವ ವರ್ಗ ಅಂತ ಹೇಳು."

ಅವರು ಬಗ್ಗಿ ಡಬ್ಬಿ ಎತ್ತಿಕೊಂಡರು. ಮುಚ್ಚಳ ತೆಗೆದರು. ಚಿಟಿಕೆ ಮರಳನ್ನು ನಿಜವಾಗಿಯೂ ಬಾಯಿಗೆ ಹಾಕಿಕೊಂಡರು. ನಾನು ತುಟಿ ಕಚ್ಚಿ ನೋಡುತ್ತ ನಿಂತೆ. ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿತ್ತು, ಅವರದು.

ಆಮೇಲೆ ಅವರ ಮುಖ ಬದಲಾಯಿತು.

ಅವರು ಡಬ್ಬಿಯೊಳಗೆ ಇಣುಕಿದರು. ಸೊಂಟದಲ್ಲಿದ್ದ ನೀರಿನ ಬಾಟಲಿ ಬಿಚ್ಚಿ, ಅಂಗೈ ಮೇಲೆ ಮರಳು ಹಾಕಿ, ನಾಲ್ಕು ಹನಿ ಬಿಟ್ಟು, ಹೆಬ್ಬೆರಳಿಂದ ತಿಕ್ಕತೊಡಗಿದರು.

"ಜರಡಿ," ಎಂದರು. "ಇದು ನಿಜವಾಗ್ಲೂ ಅವನ ಬೂಟಲ್ಲಿದ್ದಿದ್ದಾ?"

"ನಾನೇ ಸುರಿದಿದ್ದು."

"ಒಳಗಡೆಯಿಂದ? ಲೇಸ್ ಬಿಚ್ಚಿ?"

"ಹೌದು, ಒಳಗಡೆಯಿಂದ! ನಾಟಕ ಬೇಡ."

ಅವರು ಅಂಗೈಯನ್ನು ನನ್ನ ಕಡೆ ಎತ್ತಿ ಹಿಡಿದರು. ಎಂಟಡಿ ಮೇಲಿಂದಲೂ ನನಗೆ ಕಂಡಿತು. ಅಂಗೈ ಗೆರೆಗಳಲ್ಲೆಲ್ಲ ಅರಿಸಿನ ಕಲಸಿದ ಹಾಗೆ ಕಂದು ಹಳದಿ ಕಲೆ.

"ಹೇಳು. ಏನಿದು?"

ಕಲಿತ ವಿದ್ಯೆ ತನ್ನಷ್ಟಕ್ಕೆ ಉತ್ತರ ಕೊಟ್ಟಿತ್ತು.

ಆಳದ ಮರಳಿನಲ್ಲಿ ಎರಡು ಜಾತಿ. ಒಂದರ ಕಣಕ್ಕೆ ಜೇಡಿ, ತುಕ್ಕಿನ ತೆಳು ಲೇಪ ಇರುತ್ತದೆ. ಹಳದಿ, ಕಂದು ಬಣ್ಣ. ತಿಕ್ಕಿದರೆ ಕೈಗೆ ಬಣ್ಣ ಬಿಡುತ್ತದೆ. ಇನ್ನೊಂದು ಬೆತ್ತಲೆ ಕಣ. ಮಳೆನೀರು ತೊಳೆದು ತೊಳೆದು ಲೇಪ ಹೋಗಿ ಬೆಳ್ಳಗೆ ಉಳಿದದ್ದು. ಎಷ್ಟು ತಿಕ್ಕಿದರೂ ಅಂಗೈ ಶುಭ್ರ.

ಹೊಂಡದ ಜಾಗದ್ದು ಬೆತ್ತಲೆ ಮರಳು. ಮೇಲಿಂದ ಕೆಳಗಿನವರೆಗೂ ಉಪ್ಪಿನಷ್ಟು ಬಿಳಿ. ಅಣ್ಣನ ಹೆಣ ಎತ್ತಿದಾಗ ಅವನ ಕೂದಲು, ಅಂಗಿ ಎಲ್ಲ ಬೆಳ್ಳಗಿದ್ದುದನ್ನು ನಾನೇ ನೋಡಿದ್ದೆ.

"ಬೂಟಿನೊಳಗೆ ಹಳದಿ ಮರಳು," ಎಂದರು ಮೇಷ್ಟ್ರು. "ಅವನು ಸತ್ತಿದ್ದು ಹೊಂಡದ ಜಾಗದಲ್ಲಲ್ಲ. ಬೇರೆ ಎಲ್ಲೋ ಹೂತುಹೋಗಿ ಸತ್ತ. ಆಮೇಲೆ ಯಾರೋ ತೆಗೆದು, ಕೊಡವಿ, ಅಲ್ಲಿ ತಂದು ಹಾಕಿದಾರೆ. ಬೂಟು ಬಿಚ್ಚೋದು ಮರೆತಿದಾರೆ."

ಊರಿನ ಮರಳನ್ನೆಲ್ಲ ಜರಡಿ ಹಿಡಿದವಳು ನಾನು. ಈ ಒಂದು ಹಿಡಿಯನ್ನು ಹನ್ನೊಂದು ತಿಂಗಳು ತಲೆಯ ಪಕ್ಕದಲ್ಲಿಟ್ಟುಕೊಂಡೂ ಮುಚ್ಚಳ ತೆಗೆಯಲಿಲ್ಲ.

"ಬಚಾವಾಗೋಕೆ ಕತೆ ಕಟ್ತಿದೀರ," ಎಂದೆ. ಮಾತು ಮತ್ತೆ 'ನೀವು'ಗೆ ಏರಿತ್ತು.

"ಇರ್ಬಹುದು. ಸಾಯೋ ಮುಂಚೆ ಇನ್ನೊಂದು ಹೇಳ್ತೀನಿ, ಅದನ್ನೂ ಕತೆ ಅನ್ನು. ಅವನು ಹಿಂದಿನ ಸಂಜೆ ನನ್ನ ಮನೆಗೆ ಬಂದಿದ್ದ. ಹೊಂಡದ ಜಾಗದಲ್ಲಿ ಎಂಟಡಿ ಕೊರೆದು ನೋಡಿದೀನಿ, ಪಟ್ಟಿ ಕೆಳಗೆ ಪೂರ್ತಿ ಮರಳು, ನಿಮ್ಮ ವರದಿ ತಪ್ಪು ಅಂದ. ಬೈದ ಕೂಡ. ನಾನು ಒಪ್ಕೊಂಡೆ. ಬೆಳಿಗ್ಗೆ ಮಾದರಿ ತಗೊಂಡು ಬಾ, ತಿದ್ದಿ ಸಹಿ ಹಾಕ್ತೀನಿ ಅಂದೆ. ಬರಲೇ ಇಲ್ಲ. ಅದು ಮರಳು ಅಂತ ಗೊತ್ತಿದ್ದವನು ಒಬ್ಬನೇ ಎಂಟಡಿ ಗುಂಡಿಗೆ ಇಳೀತಾನೇನಮ್ಮ? ನಾನು ಕಲಿಸಿದ ಹುಡುಗ ಅವನು."

"ಇದನ್ನ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೆದ್ರಿದೆ. ತಪ್ಪು ನನ್ನದೇ ಅಂತ ಕಾಗದದಲ್ಲಿತ್ತು. ನಾನು ಹೇಡಿ. ಅದಕ್ಕೆ ಶಿಕ್ಷೆ ಕೊಡೋದಾದ್ರೆ ಕೊಡು, ಬೇಡ ಅನ್ನಲ್ಲ."

ಅಂಚಿನಿಂದ ಒಂದು ಮೊರದಷ್ಟು ಮರಳು ಜಾರಿ ಅವರ ಹೆಗಲ ಮೇಲೆ ಬಿತ್ತು. ಅವರು ಕೊಡವಿಕೊಳ್ಳಲಿಲ್ಲ. ಮರಳು ಬಿದ್ದ ಕಡೆಯ ಗೋಡೆಯನ್ನೇ ನೋಡುತ್ತಿದ್ದರು. ಆ ಗೋಡೆಯ ಚೂರನ್ನು ಕಿತ್ತು, ನೀರು ಹಾಕಿ, ಇನ್ನೊಂದು ಅಂಗೈಯಲ್ಲಿ ತಿಕ್ಕಿದರು. ಎರಡೂ ಅಂಗೈಗಳನ್ನು ಜೋಡಿಸಿ ಮೇಲೆತ್ತಿದರು.

ಎರಡರ ಬಣ್ಣವೂ ಒಂದೇ.

"ಇಂಥ ಮರಳು ಬೇಕಾದಷ್ಟು ಕಡೆ ಇರುತ್ತೆ," ಎಂದೆ.

"ಇರುತ್ತೆ. ಆದ್ರೆ ಈ ಗೋಡೆ ನೋಡು. ಮೂರು ಗೋಡೆಲಿ ಪದರ ಸರಿಯಾಗಿದೆ. ಮೇಲೆ ಕಪ್ಪು, ಕೆಳಗೆ ಹಳದಿ. ಈ ಒಂದರಲ್ಲಿ ಐದಡಿ ಕೆಳಗೂ ಕಪ್ಪು ಮಣ್ಣಿನ ಉಂಡೆ ಕಲಸಿಕೊಂಡಿದೆ, ಬೇರಿನ ಚೂರು ಇದೆ. ಏನು ಅರ್ಥ?"

ಕಚೇರಿಗೆ ಸೇರಿದ ಮೊದಲ ವಾರ ಕೇಳುವ ಪ್ರಶ್ನೆ ಅದು.

"ಒಂದ್ಸಲ ಅಗೆದು ಮುಚ್ಚಿದ ಜಾಗ," ಎಂದೆ.

"ಎಷ್ಟು ದಿನ ಆಗಿರಬಹುದು?"

"ಉಂಡೆ ಇನ್ನೂ ಕರಗಿಲ್ಲ. ಬೇರು ಕೊಳೆತಿಲ್ಲ. ಒಂದು ವರ್ಷದೊಳಗೆ."

ಹಾಗೆ ಹೇಳುವಾಗಲೇ ಬೆಳಗಿನದೆಲ್ಲ ನೆನಪಾಯಿತು. ಒಬ್ಬನೇ, ಒಂದೇ ಬೆಳಿಗ್ಗೆಯಲ್ಲಿ, ಎಂಟಡಿ. ಒಮ್ಮೆ ಅಗೆದ ನೆಲದ ಅಂಚು ಹಿಡಿದರೆ ಗುದ್ದಲಿ ಸಲೀಸಾಗಿ ಇಳಿಯುತ್ತದೆ. ಇಳಿಯಲು ಮಾಮ ಮೆಟ್ಟಿಲು ಬಿಟ್ಟಿರಲಿಲ್ಲ. ಕೇಳಿದ್ದಕ್ಕೆ 'ಮರಳಲ್ಲಿ ಮೆಟ್ಟಿಲು ನಿಲ್ಲಲ್ಲ ಪುಟ್ಟಿ' ಎಂದಿದ್ದ. ಅಗೆದ ಮರಳನ್ನೆಲ್ಲ ಮೇಷ್ಟ್ರು ನೋಡಬೇಕಾದ ಗೋಡೆಯ ನೆತ್ತಿಯ ಮೇಲೇ ಗುಡ್ಡೆ ಹಾಕಿದ್ದ. ನೋಡುವ ಗೋಡೆಯ ಮೇಲೆ ಒಂದು ಬುಟ್ಟಿ ಮಣ್ಣೂ ಬೀಳಬಾರದೆಂಬುದು ಈ ಕೆಲಸದ ಮೊದಲ ನಿಯಮ. ಇಪ್ಪತ್ತು ವರ್ಷದಲ್ಲಿ ಮಾಮ ಅದನ್ನು ಮುರಿದದ್ದು ನಾನು ಕಂಡಿಲ್ಲ. ಕಂಡದ್ದು ಒಂದೇ ಸಲ, ಅಣ್ಣ ಸತ್ತ ಗುಂಡಿಯ ಪೊಲೀಸ್ ಫೋಟೋದಲ್ಲಿ.

ಹೊಂಡ ಅಗೆಯುವ ಕೆಲಸ ಹಿಡಿದವನೂ ಮಾಮನೇ. ವರದಿ ತಿದ್ದಿದ್ದರೆ ಅವನ ಆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಅಣ್ಣ ತನ್ನ ಮನಸ್ಸಿನದನ್ನೆಲ್ಲ ಮೊದಲು ಹೇಳುತ್ತಿದ್ದುದೂ ಮಾಮನಿಗೇ.

ಮೇಷ್ಟ್ರು ಆ ಗೋಡೆಗೆ ಚಾಕು ಹಾಕಿ ಕೆದಕುತ್ತಿದ್ದರು.

"ಕೆದಕ್ಬೇಡಿ, ಕುಸಿಯುತ್ತೆ!" ಎಂದು ಕಿರುಚಿದೆ. ಅರ್ಧ ಗಂಟೆಯ ಹಿಂದೆ ಅದೇ ನನ್ನ ಆಸೆಯಾಗಿತ್ತು.

ಅವರು ಕೇಳಿಸಿಕೊಳ್ಳಲಿಲ್ಲ. ಗೋಡೆಯೊಳಗಿಂದ ಒಂದು ಬಟ್ಟೆ ಚೀಲದ ಮೂಲೆ ಹೊರಬಂತು. ನಾವು ಮಣ್ಣಿನ ಮಾದರಿ ತುಂಬುವ ಸಣ್ಣ ಚೀಲ. ಅದರ ಬಾಯಿ ಬಿಚ್ಚಿದರು. ಒಳಗೆ ಉಪ್ಪಿನಷ್ಟು ಬಿಳಿಯ ಮರಳು, ಮೇಣ ಸವರಿದ ಚೀಟಿ. ಚೀಟಿ ಓದಿ, ಅದನ್ನು ಪಾಲಿಶ್ ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿ, ಶಕ್ತಿಯೆಲ್ಲ ಸೇರಿಸಿ ಮೇಲಕ್ಕೆಸೆದರು.

ತೆಗೆದು ನೋಡಿದೆ. ಅಣ್ಣನ ಗುಂಡು ಗುಂಡು ಅಕ್ಷರ: 'ಹೊಂಡದ ಜಾಗ. ಏಳರಿಂದ ಎಂಟಡಿ. ಬಿಳಿ ಮರಳು, ಲೇಪ ಇಲ್ಲ. ಮೇಷ್ಟ್ರಿಗೆ ತೋರಿಸಬೇಕು.'

ಹೊಂಡದ ಜಾಗದ ಮಾದರಿ ಮಾಮನ ಗೇಣಿ ನೆಲದಲ್ಲಿ. ನನ್ನ ಅಣ್ಣ ಸತ್ತದ್ದು ಇಲ್ಲಿ, ನಾನು ನಿಂತಿರುವ ಜಾಗದಿಂದ ಎರಡು ಮಾರು ದೂರದಲ್ಲಿ. ಹನ್ನೊಂದು ತಿಂಗಳು ನಾನು ಸಾಕಿದ ಸೇಡು ಹನ್ನೊಂದು ತಿಂಗಳೂ ತಪ್ಪು ಮನೆಯ ಬಾಗಿಲು ಬಡಿದಿತ್ತು. ಅದಕ್ಕೆ ದಿನಾ ತುತ್ತು ಹಾಕಿ ಬೆಳೆಸಿದ್ದು ನನ್ನ ತಲೆ ಸವರಿದ ಆ ಕೈ. ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರ ಮೇಲೆ ಇಷ್ಟು ದಿನ ಇದ್ದದ್ದು ಸಿಟ್ಟೇ ಅಲ್ಲ ಎಂದು ಆಗ ಗೊತ್ತಾಯಿತು.

"ಇರಿ ಮೇಷ್ಟ್ರೇ, ಏಣಿ ಇಳಿಸ್ತೀನಿ. ಮಧ್ಯಕ್ಕೆ ಬನ್ನಿ, ಗೋಡೆ ಮುಟ್ಬೇಡಿ."

ತಿರುಗಿದೆ. ಏಣಿ ಇರಲಿಲ್ಲ.

ಮರಳಿನ ಮೇಲೆ ಎರಡು ಗೆರೆ ಎಳೆದಂತೆ ಬಿದ್ದಿದ್ದವು. ಗುಂಡಿಯನ್ನು ಬಳಸಿ ಹೋದ ಆ ಗೆರೆಗಳನ್ನು ಹಿಡಿದು ಕಣ್ಣು ಹರಿಸಿದೆ. ಮರದ ಕೆಳಗೆ ಗಾಡಿ ಮಾತ್ರ ಇತ್ತು. ಮಾಮ ಗುಂಡಿಯ ಆಚೆ ಅಂಚಿನಲ್ಲಿ, ಮರಳ ಗುಡ್ಡೆಯ ನೆತ್ತಿಯಲ್ಲಿ ಕೂತಿದ್ದ. ತೊಡೆಯ ಮೇಲೆ ಏಣಿ. ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ. ಮರಳಿನಲ್ಲಿ ಹೆಜ್ಜೆ ಸದ್ದಾಗುವುದಿಲ್ಲ.

"ಪಾಠ ಮುಗೀತಾ ಪುಟ್ಟಿ?"

ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದೆ. ನಗಲು ಪ್ರಯತ್ನಪಟ್ಟೆ.

"ಮುಗೀತು ಮಾಮ. ಎಲ್ಲ ಒಪ್ಕೊಂಡ. ಏಣಿ ಅಲ್ಲೇ ಬಿಡು, ಈ ಕಡೆ ಬಾ. ಉಳಿದಿದ್ದು ನಾನೇ ಮಾಡ್ತೀನಿ."

ನನ್ನ ದನಿ ಸರಿಯಾಗೇ ಇತ್ತು. ಅವನು ಸುತ್ತಿಕೊಂಡು ಈಚೆ ಬಂದರೆ ಸಾಕಿತ್ತು. ಗುಂಡಿಯ ಅಂಚಿಗೆ, ನನ್ನ ಕೈಗೆ ಎಟಕುವಷ್ಟು ಹತ್ತಿರಕ್ಕೆ. ಏನು ಮಾಡಬೇಕೆಂದು ನಾನು ಆಗಲೇ ನಿರ್ಧರಿಸಿದ್ದೆ.

ಮಾಮ ನನ್ನನ್ನೇ ನೋಡಿದ. ಚಿಕ್ಕವಳಾಗಿದ್ದಾಗ ನಾನು ಸುಳ್ಳು ಹೇಳಿ ಸಿಕ್ಕಿಬಿದ್ದಾಗ ನೋಡುತ್ತಿದ್ದ ಹಾಗೆಯೇ, ಪ್ರೀತಿಯಿಂದ.

"ಜಾಣೆ," ಎಂದ. "ನಿನ್ನ ಅಣ್ಣನೂ ಹಿಂಗೇ ಕೈ ಹಿಂದೆ ಇಟ್ಕೊಂಡು ನಿಂತಿದ್ದ. ಆ ಡಬ್ಬಿ ಇಲ್ಲಿ ಕೊಡು."

ಅವನು ಏಳಲಿಲ್ಲ. ಕೂತಲ್ಲಿಂದಲೇ ಬಲಗಾಲಿನ ಹಿಮ್ಮಡಿಯನ್ನು ಗುಂಡಿಯ ಕಡೆಯ ಇಳಿಜಾರಿಗೆ ಊರಿ, ಮೆಲ್ಲಗೆ ತಳ್ಳಿದ.

ಅವನ ಕಾಲ ಮುಂದೆ ಗುಡ್ಡೆ ಸೀಳಿ ಗುಂಡಿಗೆ ಜಾರಿತು. ಗುಂಡಿಯೊಳಗಿಂದ ಮೇಷ್ಟ್ರು ನನ್ನನ್ನು ಕರೆದರು. ಆ ಕರೆ ಅರ್ಧಕ್ಕೇ ನಿಂತಿತು.